ಬಾಟಲಿ ಮೇಲೆ ಮೊಲ, ನೆಲದ ಮೇಲೆ ಬೆಕ್ಕು

ಆ ಬಾಟಲಿ ಮೇಲೆ ಒಂದು ಮೊಲದ ಚಿತ್ರ ಇತ್ತು, ಹಸಿರು ಬಣ್ಣದ ಪುಟ್ಟ ಮೊಲ, ಅದನ್ನ ನೋಡಿನೇ ನಾನು ತಗೊಂಡಿದ್ದು. ಗಿಡಮೂಲದ್ದು, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ, ಮಣ್ಣಿಗೆ ಸೇರಿ ಕೊಳೆಯುತ್ತೆ, ಟೀ ಟ್ರೀ ಎಣ್ಣೆ ಇದೆ ಅಂತೆಲ್ಲ ಬರೆದಿತ್ತು. ಒಂದಿನ ಕೆಂಚಿ (ನಮ್ಮನೆ ಬೆಕ್ಕು, ಆಗ ಅವಳಿಗೆ ಒಂಬತ್ತು ವರ್ಷ) ತನ್ನ ಟ್ರೇ ಬಿಟ್ಟು ಬಾಗಿಲ ಮೂಲೇಲಿ ಉಚ್ಚೆ ಹೊಯ್ದಿದ್ಲು, ವಾಸನೆ ಪೂರ್ತಿ ಹೋಗ್ಲಿ ಅಂತ ನಾನು ನೀರು ಬೆರೆಸದೆ ಸೀದಾ ನೆಲಕ್ಕೆ ಸುರಿದು ಒರೆಸಿದೆ, ಗಿಡಮೂಲದ್ದು ತಾನೇ, ಏನಾಗತ್ತೆ ಅನ್ನೋ ಧೈರ್ಯ. ಅದು ಒಣಗೋ ಮೊದಲೇ ಅವಳು ಅದರ ಮೇಲೆ ನಡ್ಕೊಂಡು ಹೋಗಿ ಕಿಟಕಿ ಹತ್ರ ಕೂತು ಒಂದೊಂದೇ ಪಾದ ಎತ್ತಿ ನೆಕ್ಕೋಕೆ ಶುರು ಮಾಡಿದ್ಲು. ಬೆಕ್ಕು ಹಾಗೆ ಬೆರಳು ಬಿಡಿಸಿ ಬಿಡಿಸಿ, ಸಂದಿ ಸಂದಿಗೂ ನಾಲಿಗೆ ಹಾಕಿ ಕ್ಲೀನ್ ಮಾಡ್ಕೊಳ್ಳೋದನ್ನ ನೋಡೋದು ನಂಗಿಷ್ಟ, ಅವತ್ತೂ ನೋಡ್ತಾ ಕೂತಿದ್ದೆ. ಎರಡು ಮೂರು ಗಂಟೆ ಕಳೆದ್ಮೇಲೆ ಬಾಯಿಂದ ಜೊಲ್ಲು ಸುರಿಯೋಕೆ ಶುರುವಾಯ್ತು, ಗದ್ದ ಪೂರ್ತಿ ಒದ್ದೆ, ಎದ್ದು ನಿಂತ್ರೆ ಹಿಂದಿನ ಕಾಲು ಪಕ್ಕಕ್ಕೆ ವಾಲ್ತಿತ್ತು.

ಡಾಕ್ಟರ್ ಮೊದಲು ಕೇಳಿದ್ದು ಏನು ತಿಂದ್ಲು ಅಂತ. ಏನೂ ಇಲ್ಲ ಮೇಡಂ ಅಂದೆ. ನೆಲಕ್ಕೆ ಏನು ಹಾಕ್ತೀರ ಅಂದ್ರು. ಬಾಟಲಿ ಹೆಸರು ಹೇಳಿದೆ, ಜೊತೆಗೆ "ಅದು ಒಳ್ಳೇ ಬ್ರ್ಯಾಂಡು, ಪ್ರಾಣಿಗಳಿಗೆ ಏನೂ ಮಾಡಲ್ಲ" ಅಂತಾನೂ ಸೇರಿಸಿದೆ. ಅವರು ಕೆಂಚಿಯ ಪಾದ ಹಿಡ್ಕೊಂಡೇ, ತಲೆ ಎತ್ತದೆ, "ಬ್ರ್ಯಾಂಡ್ ಬಿಡಮ್ಮ, ಹಿಂದುಗಡೆ ಸಣ್ಣಕ್ಷರದಲ್ಲಿ ಏನಿದೆ ಅದನ್ನ ಹೇಳು" ಅಂದ್ರು. ಮನೆಗೆ ಫೋನ್ ಮಾಡಿ ಓದಿಸಿದೆ. ಉಗುರುಬೆಚ್ಚಗಿನ ನೀರಲ್ಲಿ ನಾಲ್ಕೂ ಪಾದ ತೊಳೆದ್ರು, ಒಂದು ರಾತ್ರಿ ಅಲ್ಲೇ ಇಟ್ಕೊಂಡು ಮೈ ತಣ್ಣಗಾಗದ ಹಾಗೆ ನೋಡ್ಕೊಂಡ್ರು, ಮಾರನೇ ದಿನ ಸಂಜೆ ಹೊತ್ತಿಗೆ ಅವಳು ಸರಿಯಾದ್ಲು. ನನಗೆ ಮಾತ್ರ ಆ ಮಾತು ತಲೆಯಿಂದ ಹೋಗ್ಲೇ ಇಲ್ಲ. ವರ್ಷಗಟ್ಟಲೆ ನಾನು ಬ್ರ್ಯಾಂಡ್ ನೋಡಿ ನೋಡಿ ಆರಿಸ್ತಿದ್ದವಳು. ಇದು ಒಳ್ಳೇ ಕಂಪನಿ, ಅದು ಕೆಟ್ಟ ಕಂಪನಿ ಅಂತ ಬೇರೆಯವರಿಗೂ ಹೇಳ್ತಿದ್ದೆ, ಗಟ್ಟಿಯಾಗೇ ಹೇಳ್ತಿದ್ದೆ.

ವಿಷಯ ಏನಂದ್ರೆ, ಬೆಕ್ಕಿನ ಲಿವರ್ ನಮ್ಮದರ ಥರ ಅಲ್ಲ, ನಾಯಿದರ ಥರಾನೂ ಅಲ್ಲ. ಫೀನಾಲ್ ಜಾತಿಯ ಕೆಮಿಕಲ್‌ಗಳನ್ನ ಒಡೆದು ಹೊರಗೆ ಹಾಕೋ ಒಂದು ಎನ್‌ಜೈಮು ಬೆಕ್ಕಿನ ಜಾತೀಲೇ ಕೆಲಸ ನಿಲ್ಲಿಸಿದೆ, ಅದರ ಜೀನೇ ಕೆಟ್ಟು ಕೂತಿದೆ. ಹಾಗಾಗಿ ನಮಗೆ ಬರೀ ವಾಸನೆ ಅನ್ಸೋದು ಅದಕ್ಕೆ ವಿಷ ಆಗ್ಬಹುದು. ಪೈನ್ ಎಣ್ಣೆ, ಟೀ ಟ್ರೀ ಎಣ್ಣೆ, ಫೀನಾಲ್ ಇರೋ ಡಿಸ್‌ಇನ್‌ಫೆಕ್ಟೆಂಟು, ಇವೆಲ್ಲ ಬೆಕ್ಕಿಗೆ ಅಪಾಯ, ಮತ್ತೆ ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ತುಂಬಾ ಕ್ಲೀನರ್‌ಗಳಲ್ಲಿ ಇರೋದು ನಾಲಿಗೆನ ಸುಟ್ಟು ಹುಣ್ಣು ಮಾಡತ್ತೆ. ಇದರಲ್ಲಿ ಎರಡು ಶುದ್ಧ ಗಿಡದ್ದೇ. ಇನ್ನೊಂದು ಇದಕ್ಕಿಂತ ಭಯ ಹುಟ್ಟಿಸೋದು: ಚಿಗಟಕ್ಕೆ ಅಂತ ನಾಯಿ ಕುತ್ತಿಗೆಗೆ ಹಾಕೋ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರತ್ತೆ, ನಾಯಿಗೆ ಏನೂ ಆಗಲ್ಲ, ಅದನ್ನೇ ಬೆಕ್ಕಿಗೆ ಹಾಕಿದ್ರೆ ನಡುಕ, ಫಿಟ್ಸು, ಸಾವು. ಒಂದೇ ಬ್ರ್ಯಾಂಡಿನ ಎರಡು ಡಬ್ಬ ಅಕ್ಕಪಕ್ಕ ಇರತ್ತೆ, ಒಂದರ ಮೇಲೆ ನಾಯಿ, ಒಂದರ ಮೇಲೆ ಬೆಕ್ಕು. ಅಲ್ಲಿ ಬ್ರ್ಯಾಂಡಿಗೆ ಎಷ್ಟು ಮಾರ್ಕ್ಸ್ ಕೊಡ್ತೀರ?

ಮೊಲ ಹೇಳೋದೇನು, ಹೇಳದೇ ಇರೋದೇನು

ಮೊಲನ ನಾನು ಬೈತಿಲ್ಲ, ಅದು ಸುಮ್ನೆ ಬಂದ ಗುರುತಲ್ಲ. 1944ರಲ್ಲಿ ಅಮೆರಿಕದ ಎಫ್‌ಡಿಎನಲ್ಲಿದ್ದ (ಆಹಾರ, ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಜಾನ್ ಡ್ರೈಜ್ ಅನ್ನೋರು ಒಂದು ಪರೀಕ್ಷೆ ರೂಪಿಸಿದ್ರು, ಮೊಲದ ಕಣ್ಣಿಗೆ ಪದಾರ್ಥ ಹಾಕಿ ದಿನಗಟ್ಟಲೆ ಎಷ್ಟು ಕೆಂಪಾಗತ್ತೆ, ಎಷ್ಟು ಹುಣ್ಣಾಗತ್ತೆ ಅಂತ ಅಂಕ ಹಾಕೋದು. ಶಾಂಪೂ, ಸೋಪು, ಕ್ಲೀನರು ಎಲ್ಲದಕ್ಕೂ ದಶಕಗಟ್ಟಲೆ ಅದೇ ನಡೀತು. 1980ರಲ್ಲಿ ಹೆನ್ರಿ ಸ್ಪೈರಾ ಅನ್ನೋ ಕಾರ್ಯಕರ್ತ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಪೂರ್ತಿ ಪುಟದ ಜಾಹೀರಾತು ಕೊಟ್ಟು ರೆವ್ಲಾನ್ ಅನ್ನೋ ಕಾಸ್ಮೆಟಿಕ್ಸ್ ಕಂಪನೀನ ಈ ವಿಷಯಕ್ಕೆ ಎದುರು ನಿಲ್ಲಿಸಿದ್ಮೇಲೆನೇ ಬೇರೆ ಪರೀಕ್ಷೆ ಹುಡುಕೋಕೆ ಕಂಪನಿಗಳು ದುಡ್ಡು ಹಾಕಿದ್ದು. ಬಾಟಲಿ ಮೇಲೆ ಮೊಲಾನೇ ಯಾಕೆ ಕೂತಿದೆ ಅನ್ನೋದರ ಹಿಂದೆ ಆ ಎಲ್ಲ ಕಣ್ಣುಗಳಿವೆ, ಅದನ್ನ ಮರೀಬಾರದು.

ಆದ್ರೆ ಎಲ್ಲ ಮೊಲನೂ ಒಂದೇ ಅಲ್ಲ. ಲೀಪಿಂಗ್ ಬನ್ನಿ ಅಂತ ಇರೋ ಗುರುತಿಗೆ ಕಂಪನಿ ಒಂದು ತಾರೀಕು ಗೊತ್ತು ಮಾಡ್ಬೇಕು, ಆ ತಾರೀಕಿನಿಂದ ಆಚೆಗೆ ತಾನೂ ಪರೀಕ್ಷೆ ಮಾಡಬಾರದು, ಪದಾರ್ಥ ಕೊಡೋರೂ ಮಾಡಬಾರದು, ಪ್ರತಿ ವರ್ಷ ಅದನ್ನ ರಿನ್ಯೂ ಮಾಡ್ಬೇಕು, ಹೊರಗಿನವರು ಬಂದು ಆಡಿಟ್ ಮಾಡೋಕೆ ಬಿಡ್ಬೇಕು. ಪ್ರಾಣಿಗಳ ಪರ ಹೋರಾಡೋ ಪೆಟಾ ಸಂಸ್ಥೆಯ ಪಟ್ಟಿಗೆ ಕಂಪನಿ ಬರೆದು ಸಹಿ ಹಾಕಿ ಕೊಡೋ ಹೇಳಿಕೆನೇ ಮುಖ್ಯ ಆಧಾರ. ಇನ್ನು ಎಷ್ಟೋ ಮೊಲಗಳನ್ನ ಕಂಪನಿಯವರೇ ಡಿಸೈನ್ ಮಾಡಿಸಿ ಅಂಟಿಸಿರ್ತಾರೆ, ಯಾರೂ ಪರಿಶೀಲಿಸಿಲ್ಲ, ಕ್ರುಯೆಲ್ಟಿ ಫ್ರೀ ಅನ್ನೋ ಮಾತಿಗೆ ಅಮೆರಿಕದಲ್ಲಿ ಕಾನೂನಿನ ವ್ಯಾಖ್ಯೆನೇ ಇಲ್ಲ. ನನ್ನ ಬಾಟಲಿ ಮೇಲಿದ್ದದ್ದು ಮೂರನೇ ಥರದ್ದು ಅಂತ ಆಮೇಲೆ ಗೊತ್ತಾಯ್ತು.

ಇನ್ನೊಂದು ಸಂಗತಿ ತಿಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಯುರೋಪಿಯನ್ ಯೂನಿಯನ್ 2013ರಿಂದ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದ ಕಾಸ್ಮೆಟಿಕ್ಸ್ ಮಾರೋದನ್ನ ನಿಲ್ಲಿಸ್ತಲ್ಲ, ಆ ಕಾನೂನಲ್ಲಿ ಕಾಸ್ಮೆಟಿಕ್ ಅಂದ್ರೆ ಮನುಷ್ಯರ ಮೈಗೆ ಹಚ್ಚೋದು. ನೆಲಕ್ಕೆ ಹಾಕೋದು ಅದರಲ್ಲಿ ಬರಲ್ಲ. ನಾಯಿ ಶಾಂಪೂನೂ ಬರಲ್ಲ! ನನ್ನ ಕೂದಲಿಗೆ ಹಾಕಿದ್ರೆ ಆ ಕಾನೂನು ಕಾಯತ್ತೆ, ಅದೇ ನೊರೆನ ನಾಯಿ ಕೂದಲಿಗೆ ಹಾಕೋಕೆ ಅಂತ ಬಾಟಲಿಗೆ ತುಂಬಿದ್ರೆ ಬೇರೆ ಕಾನೂನು, ಬೇರೆ ನಿಯಮ. ಮೊಲದ ಗುರುತು ಹೇಳೋದು ಒಂದೇ ಮಾತು: ಇದನ್ನ ಮಾಡುವಾಗ ಲ್ಯಾಬಿನ ಪ್ರಾಣಿಗೆ ನೋವು ಕೊಟ್ಟಿಲ್ಲ. ಮನೆಯಲ್ಲಿರೋ ಪ್ರಾಣಿಗೆ ಇದು ಹೇಗೆ ಅಂತ ಅದು ಯಾವತ್ತೂ ಹೇಳಿಲ್ಲ. ನಾನೇ ಹಾಗೆ ಓದ್ಕೊಂಡಿದ್ದೆ.

ನಾವಿಬ್ರೂ ಮಾಡಿದ ಟೇಬಲ್

ಕೆಂಚಿ ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅಕ್ಕನ ಮಗಳು ಬಂದಿದ್ಲು, ಕೆಮಿಸ್ಟ್ರಿ ಓದ್ತಿರೋ ಹುಡುಗಿ. ಮನೇಲಿರೋ ಸೋಪು, ಪುಡಿ, ಲಿಕ್ವಿಡ್, ಬೆಕ್ಕಿನ ಊಟದ ಪ್ಯಾಕೆಟ್ಟು, ಚಿಗಟದ ಔಷಧಿ ಎಲ್ಲ ತಂದು ನೆಲದ ಮೇಲೆ ಸಾಲಾಗಿಟ್ವಿ, ಬೆನ್ನು ನಮ್ಮ ಕಡೆ ಮಾಡಿ. ಮುಂದಿನ ಭಾಗದ ಬಣ್ಣ ಎಲೆ ಹೂವು ಎಲ್ಲ ಮರೆಯಾದ್ಮೇಲೆ ಎಲ್ಲವೂ ಒಂದೇ ಥರ ಕಾಣ್ತಿತ್ತು. ಅವಳು ಲ್ಯಾಪ್‌ಟಾಪಲ್ಲಿ ಕಾಲಮ್ ಹಾಕಿದ್ಲು: ಪ್ರಾಣಿ ಪರೀಕ್ಷೆ, ತಾಳೆ ಎಣ್ಣೆ, ಪ್ಲಾಸ್ಟಿಕ್ಕು, ಮಾಲೀಕರು. ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಕೊನೇಲಿ ಕೂಡಿಸೋ ಪ್ಲಾನು.

ಮಾಲೀಕರ ಕಾಲಮ್ಮಲ್ಲೇ ಮೊದಲ ಕಗ್ಗಂಟು. ಸೆವೆಂತ್ ಜನರೇಷನ್ ಅಂತ ಹಸಿರು ಬ್ರ್ಯಾಂಡು, 1988ರಲ್ಲಿ ಶುರುವಾಗಿದ್ದು, 2016ರಲ್ಲಿ ಅದನ್ನ ಯೂನಿಲಿವರ್ ತಗೊಳ್ತು. ಎಕೋವರ್, ಮೆಥಡ್ ಎರಡನ್ನೂ 2017ರಲ್ಲಿ ಎಸ್‌ಸಿ ಜಾನ್ಸನ್ ತಗೊಳ್ತು. ಹಿಲ್ಸ್ ಅನ್ನೋ ಬೆಕ್ಕು ನಾಯಿ ಊಟದ ಕಂಪನಿ ಕೋಲ್ಗೇಟ್ ಪಾಮೋಲಿವ್‌ದು. ಪ್ಯೂರಿನಾ ನೆಸ್ಲೆದು. ಪೆಡಿಗ್ರೀ, ವಿಸ್ಕಸ್, ರಾಯಲ್ ಕ್ಯಾನಿನ್ ಮೂರೂ ಮಾರ್ಸ್‌ದು, ಅಷ್ಟೇ ಅಲ್ಲ, ವಿಸಿಎ, ಬ್ಯಾನ್‌ಫೀಲ್ಡ್ ಅಂತ ಪ್ರಾಣಿಗಳ ಆಸ್ಪತ್ರೆಗಳ ಸರಣಿನೂ ಮಾರ್ಸ್‌ದೇ. "ಚಿಕ್ಕಮ್ಮ, ಹಾಗಾದ್ರೆ ಅಂಕ ಮಗುಗೆ ಕೊಡೋದಾ ಅಪ್ಪನಿಗೆ ಕೊಡೋದಾ?" ಅಂತ ಅವಳು ಕೇಳಿದ್ಲು. ಬ್ರಿಟನ್ನಿನಲ್ಲಿ 1989ರಿಂದ ಎಥಿಕಲ್ ಕನ್ಸ್ಯೂಮರ್ ಅನ್ನೋ ಪತ್ರಿಕೆ ಇದೇ ಕೆಲಸ ಮಾಡ್ಕೊಂಡು ಬಂದಿದೆ, ಅವರು ಮೇಲಿನ ಕಂಪನಿಯ ನಡತೆನೂ ಲೆಕ್ಕಕ್ಕೆ ಹಿಡೀತಾರೆ. ಲೀಪಿಂಗ್ ಬನ್ನಿ ಆ ಬ್ರ್ಯಾಂಡ್ ಒಂದನ್ನೇ ನೋಡತ್ತೆ. ಎರಡಕ್ಕೂ ಕಾರಣ ಇದೆ. ನನಗೆ ಈಗ ಅನ್ಸೋದು, ಮಾಲೀಕರು ಯಾರು ಅಂತ ತಿಳ್ಕೊಂಡಿರ್ಲೇಬೇಕು, ಯಾಕಂದ್ರೆ ಐದು ಹೆಸರಲ್ಲಿ ಒಂದನ್ನ ಆರಿಸ್ತಿದೀನಿ ಅಂದ್ಕೊಂಡು ಒಬ್ಬರ ಜೇಬಿಗೇ ಹಾಕ್ತಿರ್ತೀವಿ, ಆದ್ರೆ ಅದಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನ ಅಂಕದ ಜೊತೆ ಕೂಡಿಸೋದ್ರಲ್ಲಿ ಅರ್ಥ ಇಲ್ಲ.

ತಾಳೆ ಎಣ್ಣೆ ಕಾಲಮ್ಮಿಗೋಸ್ಕರ ಎರಡು ಕಂಪನಿಗಳಿಗೆ ಮೇಲ್ ಹಾಕಿದೆ. ಗಿಡಮೂಲದ ನೊರೆ ಅಂದ್ರೆ ಬಹುಪಾಲು ತೆಂಗು ಇಲ್ಲ ತಾಳೆಬೀಜದ ಎಣ್ಣೆಯಿಂದಾನೇ ಬರೋದು, ಲೇಬಲ್ ಮೇಲೆ ಮಾತ್ರ ತಾಳೆ ಅನ್ನೋ ಹೆಸರೇ ಇರಲ್ಲ, ಸೋಡಿಯಂ ಲಾರಿಲ್ ಸಲ್ಫೇಟ್ ಅಂತಿರತ್ತೆ. 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ಅನ್ನೋ ಸಂಸ್ಥೆ ಕಾಡು ಕಡಿಯದೆ ಬೆಳೆದ ತಾಳೆಗೆ ಸರ್ಟಿಫಿಕೇಟ್ ಕೊಡತ್ತೆ, ಆದ್ರೆ ಅದರಲ್ಲೂ ನಾಲ್ಕು ದಾರಿ. ಒಂದೇ ಮಿಲ್ಲಿನ ಎಣ್ಣೆನ ಬೇರೆ ಇಟ್ಟು ತರೋದು ಒಂದು, ಸರ್ಟಿಫಿಕೇಟ್ ಇರೋ ಎಣ್ಣೆಗಳನ್ನೆಲ್ಲ ಸೇರಿಸಿ ಬೇರೆಯದಕ್ಕೆ ಬೆರೆಸದೆ ತರೋದು ಇನ್ನೊಂದು, ಬೇರೆಯದರ ಜೊತೆ ಬೆರೆಸಿ ಲೆಕ್ಕ ಮಾತ್ರ ಸರಿಯಾಗಿಡೋದು ಮತ್ತೊಂದು, ಎಲ್ಲಿಂದಲೋ ಎಣ್ಣೆ ತಂದು ಅಷ್ಟಕ್ಕೆ ಕ್ರೆಡಿಟ್ (ಅಷ್ಟೇ ಪ್ರಮಾಣದ ಸರ್ಟಿಫಿಕೇಟ್ ಎಣ್ಣೆ ಬೆಳೆದೋರಿಗೆ ದುಡ್ಡು ಕೊಟ್ಟ ಲೆಕ್ಕ) ಕೊಂಡ್ಕೊಳ್ಳೋದು ಕೊನೇದು. ನಾಲ್ಕರಲ್ಲೂ ಸಸ್ಟೇನಬಲ್ ಪಾಮ್ ಅನ್ನೋ ಮಾತು ಒಂದಲ್ಲ ಒಂದು ರೂಪದಲ್ಲಿ ಬರತ್ತೆ. ಒಂದು ಕಂಪನಿಯಿಂದ ಬಂದ ಉತ್ತರ ಎರಡು ಪುಟ, ಭೂಮಿತಾಯಿ ಅಂತೆಲ್ಲ ಇತ್ತು, ನಾನು ಕೇಳಿದ್ದಕ್ಕೆ ಉತ್ತರ ಇರ್ಲಿಲ್ಲ. ಇನ್ನೊಂದು ಚಿಕ್ಕ ಕಂಪನಿ, ಮೂರೇ ಸಾಲು: ನಾವು ತಗೊಳ್ಳೋದು ಬೆರೆಸಿದ ಎಣ್ಣೆ, ನಮಗೆ ನೊರೆ ಮಾಡಿ ಕೊಡೋರವರೆಗೆ ನಮಗೆ ಗೊತ್ತು, ಅವರ ಆಚೆ ತೋಟ ಯಾವುದು ಅಂತ ನಮಗೆ ಗೊತ್ತಿಲ್ಲ. ಆ ಮೂರು ಸಾಲು ಓದಿ ನನಗೆ ಅವರ ಮೇಲೆ ಗೌರವ ಬಂತು, ಈಗಲೂ ಪಾತ್ರೆಗೆ ಅವರದ್ದೇ ಬಳಸ್ತೀನಿ.

ರಾತ್ರಿ ಹತ್ತೂವರೆ ಹೊತ್ತಿಗೆ ಟೇಬಲ್ಲಿನಲ್ಲಿ ಅರ್ಧಕ್ಕರ್ಧ ಖಾಲಿ. ಅವಳು ಕೂಡಿಸೋ ಕೊನೇ ಕಾಲಮ್ ಡಿಲೀಟ್ ಮಾಡಿ, ಅದರ ಜಾಗದಲ್ಲಿ ಒಂದು ಹೊಸದು ಹಾಕಿದ್ಲು. ತಲೆಬರಹ "ಇದು ಕೊನೆಗೆ ಯಾರ ಬಾಯಿಗೆ ಹೋಗತ್ತೆ". ನನ್ನ ಮುಖ ನೋಡಿ "ಇರ್ಲಿ ಬಿಡಿ ಚಿಕ್ಕಮ್ಮ, ಮೊದಲು ಇದನ್ನ ತುಂಬೋಣ" ಅಂದ್ಲು.

ಕೆಂಚಿಯ ಬಟ್ಟಲು

ಊಟದ ವಿಷಯಕ್ಕೆ ಬಂದಾಗ ಆ ಕಾಲಮ್ ಇನ್ನೂ ಭಾರ ಆಯ್ತು. 2007ರ ಮಾರ್ಚಲ್ಲಿ ಮೆನು ಫುಡ್ಸ್ ಅನ್ನೋ ಕೆನಡಾದ ಕಂಪನಿ ಸುಮಾರು 6 ಕೋಟಿ ಡಬ್ಬಿ, ಪೌಚು ವಾಪಸ್ ತರಿಸ್ಕೊಳ್ತು. ಗೋಧಿಯ ಗ್ಲೂಟೆನ್ ಅಂತ ಬಂದಿದ್ದರಲ್ಲಿ ಮೆಲಮೈನ್ ಬೆರೆಸಿದ್ರು, ಅದು ಪ್ಲಾಸ್ಟಿಕ್ ಮಾಡೋಕೆ ಬಳಸೋ ವಸ್ತು, ಅದರಲ್ಲಿ ನೈಟ್ರೋಜನ್ ಜಾಸ್ತಿ ಇರೋದ್ರಿಂದ ಟೆಸ್ಟ್ ಮಾಡಿದ್ರೆ ಪ್ರೋಟೀನ್ ಜಾಸ್ತಿ ಅಂತ ತೋರಿಸತ್ತೆ. ಬೆಕ್ಕು ನಾಯಿಗಳ ಕಿಡ್ನಿ ಕೆಟ್ಟು ಸತ್ತವು. ಆಗ ಜನಕ್ಕೆ ಗೊತ್ತಾಗಿದ್ದು ಇನ್ನೊಂದು ಸತ್ಯ: ಅತಿ ದುಬಾರಿ ಬ್ರ್ಯಾಂಡು, ಅತಿ ಅಗ್ಗದ ಬ್ರ್ಯಾಂಡು, ಅಂಗಡಿಗಳ ಸ್ವಂತ ಬ್ರ್ಯಾಂಡು, ಹತ್ತಾರು ಹೆಸರುಗಳು ಆ ಒಂದೇ ಕಂಪನಿಯ ಫ್ಯಾಕ್ಟರಿಗಳಿಂದ ಬರ್ತಿದ್ವು. ಜಾಸ್ತಿ ದುಡ್ಡು ಕೊಟ್ಟು ಒಳ್ಳೇದನ್ನೇ ಹಾಕ್ತಿದೀನಿ ಅಂದ್ಕೊಂಡಿದ್ದ ಮನೆಗಳಲ್ಲೂ ಬೆಕ್ಕು ಸತ್ತವು. ಹಾಗಾಗಿ ಈಗ ನಾನು ಪೆಟ್ ಫುಡ್ ಕಂಪನಿಗೆ ಕೇಳೋ ಮೊದಲ ಪ್ರಶ್ನೆ, ನಿಮ್ಮ ಸ್ವಂತ ಫ್ಯಾಕ್ಟರಿ ಇದೆಯಾ ಅಂತ.

ಪರಿಸರದ ಮಾತು ಇಲ್ಲಿ ತಲೆಕೆಳಗಾಗತ್ತೆ. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರೆಗರಿ ಓಕಿನ್ ಲೆಕ್ಕ ಹಾಕಿದ್ರು, ಅಮೆರಿಕದಲ್ಲಿ ಪ್ರಾಣಿಗಳನ್ನ ಸಾಕಿ ಮಾಂಸ ಮಾಡೋದ್ರಿಂದ ನೆಲ, ನೀರು, ಇಂಧನದ ಮೇಲೆ ಬೀಳೋ ಹೊರೆಯಲ್ಲಿ 25ರಿಂದ 30 ಪರ್ಸೆಂಟು ನಾಯಿ ಬೆಕ್ಕುಗಳ ಪಾಲು ಅಂತ. ಅದನ್ನ ಒಪ್ಪದವರು ಹೇಳೋದು, ಅವು ತಿನ್ನೋದ್ರಲ್ಲಿ ತುಂಬಾ ಭಾಗ ಮನುಷ್ಯರು ಬೇಡ ಅಂದ ಲಿವರ್ರು, ಶ್ವಾಸಕೋಶ, ಹೊಟ್ಟೆಭಾಗ, ಅದಕ್ಕೋಸ್ಕರ ಬೇರೆ ಪ್ರಾಣಿ ಸಾಕಿಲ್ವಲ್ಲ ಅಂತ. ಈಗ ನೋಡಿ, ಬೈ ಪ್ರಾಡಕ್ಟ್ ಇಲ್ಲ, ಮನುಷ್ಯರು ತಿನ್ನೋ ದರ್ಜೆಯ ಮಾಂಸ ಮಾತ್ರ ಅಂತ ಹೆಮ್ಮೆಯಿಂದ ಬರ್ಕೊಳ್ಳೋ ಪ್ಯಾಕೆಟ್ಟೇ ಜಾಸ್ತಿ ಹೊರೆ ಹಾಕೋದು. ಕೆಂಚಿಗೆ ಇಲಿ ಸಿಕ್ಕಿದ್ರೆ ಅವಳು ಬರೀ ತೊಡೆ ಆರಿಸ್ಕೊಂಡು ತಿನ್ನಲ್ಲ. ಲಿವರ್ರು ಅವಳಿಗೆ ಕಸ ಅಲ್ಲ, ಅದನ್ನ ಕಸ ಅಂದಿದ್ದು ನಮ್ಮ ಕಣ್ಣು. (ಲೇಬಲ್ ಓದೋರಿಗೆ ಒಂದು ಮಾತು: ಅಮೆರಿಕದ ನಿಯಮದಲ್ಲಿ ಚಿಕನ್ ಡಿನ್ನರ್ ಅಂತಿದ್ರೆ ಕನಿಷ್ಠ 25 ಪರ್ಸೆಂಟ್ ಚಿಕನ್ ಇರ್ಬೇಕು, ವಿತ್ ಚಿಕನ್ ಅಂತಿದ್ರೆ 3 ಪರ್ಸೆಂಟ್ ಸಾಕು.)

ಮಾಂಸಾನೇ ಬೇಡ ಅಂತ ಬೆಕ್ಕಿಗೆ ಹೇಳೋಕಾಗಲ್ಲ. 1987ರಲ್ಲಿ ಪಾಲ್ ಪಿಯೊನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ರು, ಮಾಂಸದಲ್ಲಿ ಸಿಗೋ ಟಾರಿನ್ ಅನ್ನೋ ಅಂಶ ಕಡಿಮೆಯಾಗಿ ಬೆಕ್ಕುಗಳ ಹೃದಯ ಊದಿಕೊಂಡು ಸೋಲ್ತಿದೆ ಅಂತ, ಅವು ತಿಂತಿದ್ದದ್ದು ಅಂಗಡಿಯ ಸಿದ್ಧ ಆಹಾರಾನೇ, ನಿಯಮದ ಪ್ರಕಾರ ಸರಿಯಾಗೇ ಇದ್ದದ್ದು. ಟಾರಿನ್ ಕೊಟ್ಮೇಲೆ ಎಷ್ಟೋ ಬೆಕ್ಕುಗಳ ಹೃದಯ ಚೇತರಿಸಿಕೊಳ್ತು. ಅಂದ್ರೆ ಪಟ್ಟಿ ನೋಡಿ ಸರಿ ಇದೆ ಅನ್ನೋದು ಬೇರೆ, ಬೆಕ್ಕು ತಿಂದು ಬದುಕಿ ತೋರಿಸೋದು ಬೇರೆ. ಅಲ್ಲಿಗೆ ನನ್ನ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬಂತು. ಆಫ್ಕೋ ಅನ್ನೋ ಅಮೆರಿಕದ ಒಕ್ಕೂಟದ ಆಹಾರ ಪರೀಕ್ಷೆ ಹೇಗಿದೆ ಅಂದ್ರೆ, ಕನಿಷ್ಠ 8 ಪ್ರಾಣಿಗಳಿಗೆ 26 ವಾರ ಅದನ್ನೇ ತಿನ್ನಿಸಿ, ತೂಕ ನೋಡಿ, ರಕ್ತ ತೆಗೆದು ನೋಡ್ತಾರೆ, 6 ಪ್ರಾಣಿ ಕೊನೆವರೆಗೆ ಇದ್ರೆ ಆಯ್ತು. ಆ ಎಂಟು ಬೆಕ್ಕುಗಳು ಎಲ್ಲಿರತ್ತೆ? ಪಂಜರದಲ್ಲಾ, ಕಿಟಕಿ ಇರೋ ರೂಮಲ್ಲಾ? 26 ವಾರ ಆದ್ಮೇಲೆ ಎಲ್ಲಿಗೆ ಹೋಗತ್ತೆ? ಪರೀಕ್ಷೆ ಮಾಡದ ಊಟ ಕೆಂಚಿಗೆ ಹಾಕೋಕೆ ನನಗೆ ಧೈರ್ಯ ಇಲ್ಲ, ಪರೀಕ್ಷೆ ಅಂದ್ರೆ ಇನ್ನೊಂದು ಕೆಂಚಿ. ಮೊಲದ ಗುರುತು ಇಟ್ಕೊಂಡು ಇದನ್ನ ಅಳೆಯೋಕಾಗಲ್ಲ. ಕೆಲವು ಕಂಪನಿಗಳು ಮನೆಗಳಲ್ಲಿರೋ ಬೆಕ್ಕುಗಳಿಗೇ ಕೊಟ್ಟು ನೋಡ್ತೀವಿ, ಚುಚ್ಚೋದು ಕೊಯ್ಯೋದು ಮಾಡಲ್ಲ ಅಂತ ಬರೆದು ಹೇಳ್ತಾರೆ, ನಾನು ಅಂಥದ್ದನ್ನ ಹುಡುಕ್ತೀನಿ. ಅಷ್ಟರಿಂದ ಮನಸ್ಸು ಪೂರ್ತಿ ಹಗುರ ಆಗಿಲ್ಲ.

ಬಾಗಿಲಾಚೆ

ಟ್ರೇಗೆ ಹಾಕೋ ಮಣ್ಣಿನ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಗಟ್ಟಿಯಾಗಿ ಉಂಡೆ ಕಟ್ಟೋದು ಬೆಂಟೋನೈಟ್ ಜೇಡಿ, ಅದಕ್ಕೆ ನೆಲದ ಮೇಲ್ಪದರ ಕಿತ್ತು ಗಣಿ ಮಾಡ್ತಾರೆ. ಮರದ ಹೊಟ್ಟು, ಕಾಗದದ್ದು ವಾಸಿ. ಆದ್ರೆ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಬಹುದು ಅಂತ ಬರೆದಿರೋದನ್ನ ನಂಬಬೇಡಿ. ಬೆಕ್ಕಿನ ಕಕ್ಕದಲ್ಲಿ ಇರಬಹುದಾದ ಟಾಕ್ಸೋಪ್ಲಾಸ್ಮಾ ಅನ್ನೋ ರೋಗಾಣು ಸಮುದ್ರ ಸೇರಿ ಕ್ಯಾಲಿಫೋರ್ನಿಯಾ ಕರಾವಳಿಯ ನೀರುನಾಯಿಗಳನ್ನ ಕೊಂದಿದೆ. ನಾಯಿ ಕಕ್ಕ ಎತ್ತೋ ಕವರಿನ ಕತೆನೂ ಅಷ್ಟೇ, ಬಯೋಡಿಗ್ರೇಡಬಲ್ ಅಂತ ಬರ್ಕೊಂಡಿದ್ದ 20 ಕಂಪನಿಗಳಿಗೆ 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಕೆ ಪತ್ರ ಕಳಿಸ್ತು, ಯಾಕಂದ್ರೆ ಅವು ಹೋಗಿ ಬೀಳೋ ಕಸದ ಗುಡ್ಡದಲ್ಲಿ ಗಾಳಿ ಬೆಳಕು ಇಲ್ಲದೆ ಬೇಗ ಕೊಳೆಯಲ್ಲ.

ನನ್ನನ್ನ ಜಾಸ್ತಿ ಕಾಡಿದ್ದು ಚಿಗಟದ ಹನಿ. 2021ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 20 ನದಿಗಳ ನೀರಿನ ಅಂಕಿಅಂಶ ನೋಡಿದ್ರು, 98 ಪರ್ಸೆಂಟ್ ಸ್ಯಾಂಪಲ್ಲಿನಲ್ಲಿ ಫಿಪ್ರೊನಿಲ್ ಇತ್ತು, 66 ಪರ್ಸೆಂಟಲ್ಲಿ ಇಮಿಡಾಕ್ಲೋಪ್ರಿಡ್. ಎರಡೂ ಕೀಟನಾಶಕ. ಇಮಿಡಾಕ್ಲೋಪ್ರಿಡ್‌ನ ಬಯಲಲ್ಲಿ ಬೆಳೆಗೆ ಹೊಡೆಯೋದನ್ನ ಜೇನುಹುಳಗಳಿಗೆ ಆಗೋ ಹಾನಿ ನೋಡಿ ಯುರೋಪಿನಲ್ಲಿ 2018ರಲ್ಲೇ ನಿಲ್ಲಿಸಿದ್ರು, ಆದ್ರೆ ನಾಯಿ ಬೆಕ್ಕಿನ ಕುತ್ತಿಗೆ ಮೇಲೆ ಹಾಕೋದು ನಿಂತಿರ್ಲಿಲ್ಲ. ಸ್ನಾನ ಮಾಡಿಸಿದ ನೀರು, ತೊಳೆದ ಹಾಸಿಗೆ ಬಟ್ಟೆ, ನದೀಲಿ ಈಜೋ ನಾಯಿ, ಹನಿ ಹಾಕಿದ ನಮ್ಮದೇ ಕೈ, ಎಲ್ಲಿಂದಾದ್ರೂ ಅದು ನೀರಿಗೆ ಸೇರತ್ತೆ. ಇಲ್ಲಿ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳೋಕೇ ಆಗಲ್ಲ, ಹತ್ತು ಡಬ್ಬಿ ತಿರುಗಿಸಿ ನೋಡಿದ್ರೆ ಹೆಚ್ಚಿನದರಲ್ಲಿ ಅದೇ ಎರಡು ಮೂರು ಹೆಸರು. ನಾನು ಐದು ವರ್ಷ ಪ್ರತಿ ತಿಂಗಳು ಒಂದನೇ ತಾರೀಕು ಮೊಬೈಲಲ್ಲಿ ರಿಮೈಂಡರ್ ಇಟ್ಟು ಹಾಕಿದೀನಿ, ಮನೆಯಿಂದ ಆಚೆನೇ ಹೋಗದ ಬೆಕ್ಕಿಗೆ, ಅವಳ ಮೈಮೇಲೆ ಚಿಗಟ ಇದೆಯಾ ಅಂತ ಒಂದು ಸಲನೂ ನೋಡದೆ. ಡಾಕ್ಟರ್ ಹತ್ರ ಕೇಳಿದೆ. ಒಳಗೇ ಇರೋ ಬೆಕ್ಕಲ್ವಾ, ನೋಡಿ ಹಾಕು, ಅನುಮಾನ ಬಂದ್ರೆ ಕರ್ಕೊಂಡು ಬಾ ಅಂದ್ರು. ಬೇರೆ ಮನೆಯ ಬೆಕ್ಕಿಗೆ ಇದೇ ಮಾತು ಸರಿ ಆಗಬೇಕಂತಿಲ್ಲ, ಹುಳದ ಕಾಟ ಇರೋ ಕಡೆ, ಮರಿ ಇರೋ ಕಡೆ ಲೆಕ್ಕ ಬೇರೆ.

ಈಗ ಒಂದನೇ ತಾರೀಕು ರಿಮೈಂಡರ್ ಬಡ್ಕೊಂಡಾಗ ಸಣ್ಣ ಹಲ್ಲಿನ ಬಾಚಣಿಗೆ ತಗೊಂಡು ಕಿಟಕಿ ಹತ್ರ ಕೂತ್ಕೋತೀನಿ. ಬಾಲದ ಬುಡದಲ್ಲಿ ಮೊದಲು, ಆಮೇಲೆ ಗದ್ದದ ಕೆಳಗೆ. ಬಾಚಣಿಗೆಗೆ ಬಂದ ಕೂದಲು, ಧೂಳು, ಕಪ್ಪು ಚುಕ್ಕೆ ಏನಿದ್ರೂ ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸ್ತೀನಿ. ಚಿಗಟದ ಕಕ್ಕ ಆದ್ರೆ ಅದರಲ್ಲಿ ಬೆಕ್ಕಿನ ರಕ್ತನೇ ಇರೋದು, ಒಂದು ನಿಮಿಷದಲ್ಲಿ ಸುತ್ತ ಕೆಂಪು ಕಂದು ಬಣ್ಣ ಬಿಡತ್ತೆ, ಬರೀ ಧೂಳಾದ್ರೆ ಹಾಗೇ ಇರತ್ತೆ. ಕೆಂಚಿ ಪಕ್ಕದಲ್ಲೇ ಮಲಗಿ ಬಾಚಿದ ಜಾಗನ ಮತ್ತೆ ನೆಕ್ತಾ ಇರ್ತಾಳೆ. ಈ ತಿಂಗಳು ನಾಲ್ಕು ಚುಕ್ಕೆ ಬಿದ್ದಿತ್ತು. ಹತ್ತು ನಿಮಿಷ ಕಾದೆ, ನಾಲ್ಕೂ ಕಪ್ಪಗೇ ಇದ್ವು.